ಚಿಮಣಿ ದೀಪವೂ ಶಾಲೆಯ ಹಾಲೂ

ಮುದಗಲ್ಲಿನ ಕಿರಾಣಿ ವ್ಯಾಪಾರಿಯೊಬ್ಬರ ಮಗಳು ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದಾಳೆ. ರಜೆಗೆ ಬಂದಾಗ ಆಕೆ ಹೇಳಿದ ಸಂಗತಿಯನ್ನು ಅವರು ಚಹಾದ ಹೋಟೆಲಿನಲ್ಲಿ ನಮ್ಮೆದುರು ಇಟ್ಟರು. ಅಲ್ಲಿನ ಅರವತ್ತು ದಾಟಿದ ರೋಗಿಗಳಿಗೆ 1970ರ ದಶಕದ ಬಾಲ್ಯವೆಂದರೆ ಪ್ರಾಣವಂತೆ. ಕತ್ತಲಾಗುವ ತನಕ ಬೀದಿಯಲ್ಲಿ ಆಟ, ವಿದ್ಯುತ್ತು ಹೋದರೆ ಮೇಣದ ಬತ್ತಿಯ ಸುತ್ತ ಮನೆಮಂದಿಯೆಲ್ಲ ಕೂಡುವುದು, ಶಾಲೆಯಲ್ಲಿ ಸಣ್ಣ ಶೀಶೆಯ ಹಾಲು. ಇವನ್ನು ನೆನೆದು ಅವರು ಕಣ್ಣೀರಿಡುತ್ತಾರಂತೆ.

ಪಕ್ಕದಲ್ಲಿದ್ದ ಹಿರಿಯ ಹಮಾಲರು ಇದನ್ನು ಕೇಳಿ ಹಿಗ್ಗಿದರು. "ನಮ್ದೂ ಹಂಗ ನೋಡ್ರಿ ಮಾಸ್ತರ. ಕ್ವಾಟಿ ಬುಡದಾಗ ಗೋಲಿ ಆಡಿದ್ದು, ಮೊಹರಮ್ಮಿನಾಗ ಕುಣಿದಿದ್ದು, ಚಿಮಣಿ ಬೆಳಕಿನ್ಯಾಗ ರೊಟ್ಟಿ ತಿಂದಿದ್ದು. ಆ ದಿನಾನ ಛಲೋ ಇದ್ವು" ಎಂದರು.

"1972ರ ಬರದಾಗ ನಿಮ್ಮವ್ವ ಏನು ಉಣ್ತಿದ್ರು, ಕಾಕಾ?" ಎಂದು ನಾವು ಕೇಳಿದೆವು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಾವು ಉಂಡು ಉಳಿದ್ರ ಉಣ್ತಿದ್ಳು. ಇಲ್ಲಂದ್ರ ನೀರು ಕುಡಿದು ಮಲಗ್ತಿದ್ಳು" ಎಂದರು.

ಬಾಲ್ಯ ಸಿಹಿಯಾಗಿದ್ದುದು ಸುಳ್ಳಲ್ಲ. ಆದರೆ ಆ ಸಿಹಿಯ ಬೆಲೆಯನ್ನು ಬೇರೆ ಯಾರೋ ತೆತ್ತಿದ್ದರು. ಮಕ್ಕಳಿಗೆ ಅದು ಕಾಣದಂತೆ ಮುಚ್ಚಿಟ್ಟಿದ್ದರು, ಅಷ್ಟೆ.

ಇಂಗ್ಲೆಂಡಿನ ಮೇಣದ ಬತ್ತಿಯನ್ನೇ ನೋಡೋಣ. 1973ರ ಕೊನೆಯಲ್ಲಿ ತೈಲದ ಬೆಲೆ ಏರಿತು. ಕೂಲಿ ಹೆಚ್ಚಿಸಬೇಕೆಂದು ಕಲ್ಲಿದ್ದಲು ಗಣಿಯ ಕಾರ್ಮಿಕರು ಹೆಚ್ಚುವೇಳೆಯ ಕೆಲಸ ನಿಲ್ಲಿಸಿದರು. ಪ್ರಧಾನಿ ಹೀತ್ ಅವರ ಸರಕಾರ 1974ರ ಜನವರಿಯಿಂದ ಮಾರ್ಚಿಯವರೆಗೆ ಬಹುತೇಕ ಕಾರಖಾನೆ, ಅಂಗಡಿಗಳಿಗೆ ವಾರದಲ್ಲಿ ಮೂರೇ ದಿನ ವಿದ್ಯುತ್ತು ಕೊಟ್ಟಿತು. ಮಗುವಿಗೆ ಅದು ಹಬ್ಬ. ಮೂರು ದಿನದ ಕೂಲಿಯಲ್ಲಿ ಏಳು ದಿನ ಸಾಗಿಸಬೇಕಾದ ತಾಯಿಗೆ? ಅದೇ ವರ್ಷದ ಮೇ ತಿಂಗಳಲ್ಲಿ ನಮ್ಮ ದೇಶದಲ್ಲೂ ರೈಲ್ವೆ ಕಾರ್ಮಿಕರು ಮಂಗಳೂರಿನ ಜಾರ್ಜ್ ಫರ್ನಾಂಡಿಸರ ನೇತೃತ್ವದಲ್ಲಿ ಇಪ್ಪತ್ತು ದಿನ ಮುಷ್ಕರ ಹೂಡಿದರು. ಸಾವಿರಾರು ಜನ ಸೆರೆಮನೆ ಕಂಡರು. ಅವರ ಮಕ್ಕಳು ಕೂಡ ಆ ಬೇಸಿಗೆಯಲ್ಲಿ ಗೋಲಿ ಆಡಿಯೇ ಇದ್ದಾರು.

ಇನ್ನು ಹಾಲಿನ ಮಾತು. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಬ್ರಿಟನ್ನಿನ ಕಾರ್ಮಿಕ ಪಕ್ಷದ ಸರಕಾರ ಶಾಲೆಯ ಪ್ರತಿ ಮಗುವಿಗೂ ದಿನಕ್ಕೆ ಸುಮಾರು 190 ಮಿ.ಲೀ. ಹಾಲನ್ನು ಪುಕ್ಕಟೆ ಕೊಡಲು ಕಾಯಿದೆ ಮಾಡಿತು. 1968ರಲ್ಲಿ ದೊಡ್ಡ ಶಾಲೆಗಳಿಗೆ ಅದನ್ನು ನಿಲ್ಲಿಸಿದ್ದೂ ಅದೇ ಪಕ್ಷ. ನಮ್ಮ ಬಳಗದವರ ತಪ್ಪನ್ನು ನಾವು ಬಚ್ಚಿಡುವುದಿಲ್ಲ. 1971ರಲ್ಲಿ ಶಿಕ್ಷಣ ಮಂತ್ರಿಯಾಗಿದ್ದ ಮಾರ್ಗರೆಟ್ ಥ್ಯಾಚರ್, ಖರ್ಚು ಉಳಿಸುವ ನೆಪದಲ್ಲಿ, ಏಳು ವರ್ಷ ಮೀರಿದ ಮಕ್ಕಳ ಹಾಲನ್ನೂ ತೆಗೆದರು. ಜನ ಆಕೆಗೆ 'ಹಾಲುಗಳ್ಳಿ' ಎಂಬ ಅರ್ಥದ ಅಡ್ಡಹೆಸರಿಟ್ಟರು. ವೇಲ್ಸಿನ ಮರ್ಥರ್ ಟಿಡ್‌ಫಿಲ್ ಎಂಬ ಗಣಿ ಕಾರ್ಮಿಕರ ಊರಿನ ಪುರಸಭೆ ಮೊದಲು ಈ ಆಜ್ಞೆಗೆ ತಲೆಬಾಗಲೊಪ್ಪಲಿಲ್ಲ. ಇಂದು ಆ ಶೀಶೆಯನ್ನು ನೆನೆದು ಅಳುವವರು, ಅದು ಕಾಯಿದೆಯಿಂದ ಬಂದು ಕಾಯಿದೆಯಿಂದಲೇ ಹೋಯಿತೆಂಬುದನ್ನೂ ನೆನೆಯಬೇಕು.

ಆ ಕಾಲದಲ್ಲಿ ನಮ್ಮ ಕಡೆಯ ಅನೇಕ ಶಾಲೆಗಳಿಗೆ ಬರುತ್ತಿದ್ದುದು ಅಮೆರಿಕದ ಕೇರ್ ಸಂಸ್ಥೆಯ ಹಾಲಿನ ಪುಡಿ, ಗೋಧಿ ನುಚ್ಚಿನ ಉಪ್ಪಿಟ್ಟು. ಅದರ ವಾಸನೆಯನ್ನು ಹಿರಿಯರು ಇಂದಿಗೂ ಮರೆತಿಲ್ಲ. ಆದರೆ ಅದು ದಾನ. ದಾನಿಗೆ ಮನಸ್ಸಿದ್ದರೆ ಉಂಟು, ಇಲ್ಲವಾದರೆ ಇಲ್ಲ. ಹಕ್ಕು ಬರಲು ಬಹುಕಾಲ ಹಿಡಿಯಿತು. ಪಿಯುಸಿಎಲ್ ಸಂಘಟನೆ ಹೂಡಿದ ದಾವೆಯಲ್ಲಿ 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಆಜ್ಞೆ ಮಾಡಿತು. 2002ರಲ್ಲಿ ರಾಯಚೂರು ಸೇರಿ ಈ ಭಾಗದ ಏಳು ಜಿಲ್ಲೆಗಳಲ್ಲಿ ಬಿಸಿಯೂಟ ಮೊದಲಾಯಿತು. 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯದ 150 ಮಿ.ಲೀ. ಹಾಲು ಬಂತು. 2021ರ ಡಿಸೆಂಬರಿನಲ್ಲಿ ಮೊಟ್ಟೆ ಬಂದಾಗ ಅದಕ್ಕೆ ಅಡ್ಡ ಬಂದವರೂ ಇದ್ದರು.

ಗಿರಣಿಯ ಗೆಳೆಯರೇ, ಅಂಗಡಿಯ ಬಂಧುಗಳೇ, 'ಆಗಿನ ಕಾಲದಲ್ಲಿ ಕಷ್ಟಪಟ್ಟೇ ಬೆಳೆದೆವು, ಈಗಿನ ಮಕ್ಕಳಿಗೆ ಎಲ್ಲ ಪುಕ್ಕಟೆ' ಎಂಬ ಮಾತು ನಿಮ್ಮ ಕಟ್ಟೆಯ ಮೇಲೂ ಕೇಳಿಬರುತ್ತದೆ. ಕೇಳಲು ಹಿತವಾದ ಮಾತು. ಆದರೆ ಖರ್ಚು ಕಡಿಮೆ ಮಾಡುವವರ ಕೈಗೆ ಇದಕ್ಕಿಂತ ಒಳ್ಳೆಯ ಕತ್ತರಿ ಬೇಕಿಲ್ಲ. ಬರಗಾಲದಲ್ಲಿ ಉದ್ರಿ ಕೊಟ್ಟು ಓಣಿಯನ್ನು ಬದುಕಿಸಿದ ಕಿರಾಣಿಯವರಿಗೆ ಗೊತ್ತಿದೆ: ಆ ಕಾಲದ ಪ್ರೀತಿ ದೊಡ್ಡದು, ಆದರೆ ಖಾತೆ ಪುಸ್ತಕದ ಬಾಕಿಯೂ ದೊಡ್ಡದೇ.

ನೆನಪನ್ನು ಬಿಡಿರೆಂದು ನಾವು ಹೇಳುವುದಿಲ್ಲ. ಕೋಟೆ, ಗೋಲಿ, ಅಲಾಯಿಯ ಕುಣಿತ ನಮ್ಮೆಲ್ಲರವು, ಇರಲಿ. ಹಸಿವನ್ನು ಮಾತ್ರ ಸಿಹಿಯೆಂದು ಕರೆಯುವುದು ಬೇಡ. ಈ ವಾರ ಒಂದು ಗಳಿಗೆ ಬಿಡುವು ಮಾಡಿಕೊಂಡು ನಿಮ್ಮ ಓಣಿಯ ಶಾಲೆಗೆ ಹೋಗಿರಿ. ಹಾಲು ಅಳತೆಯಂತೆ ಇದೆಯೇ, ಅಡುಗೆಯ ಅಕ್ಕಂದಿರಿಗೆ ಗೌರವಧನ ಹೊತ್ತಿಗೆ ಬಂದಿದೆಯೇ ಎಂದು ಕೇಳಿರಿ. ಕೊರತೆ ಕಂಡರೆ ಶಾಲಾ ಸಮಿತಿಯಲ್ಲಿ ಎದ್ದು ನಿಂತು ಹೇಳಿರಿ.

ಆ ಹಿರಿಯರು ಏಳುವಾಗ, "ನಮ್ಮವ್ವಗ ಒಂದು ಲೋಟ ಹಾಲು ಸಿಕ್ಕಿದ್ರ..." ಎಂದು ಅರ್ಧಕ್ಕೆ ನಿಲ್ಲಿಸಿದರು. ಆಕೆಗೆ ಈಗ ಯಾರೂ ಕೊಡಲಾರರು. ಆಕೆಯ ಮರಿಮಕ್ಕಳ ಲೋಟವನ್ನಾದರೂ ನಾವು ಕಾಯೋಣ.