"ನಮ್ಮಣ್ಣನ ಕಾರು" ಅನ್ನೋ ಮೊದಲು

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ದಿನಾ ಓಡಾಡೋ ನಮ್ಮಂಥವರಿಗೆ ಇದೇನೂ ಹೊಸದಲ್ಲ. ಇಂಟರ್ನಲ್ಸ್ ಇರೋ ದಿನವೇ ಬಸ್ಸು ತಪ್ಪುತ್ತೆ. ಮುಂದಿನ ಬಸ್ಸಲ್ಲಿ ಕಾಲಿಡೋಕೂ ಜಾಗ ಇರಲ್ಲ. ಅಷ್ಟರಲ್ಲಿ ಒಂದು ವೈಟ್ ಬೋರ್ಡ್ ಕಾರು ಪಕ್ಕಕ್ಕೆ ಬಂದು ನಿಲ್ಲುತ್ತೆ. ನಾಲ್ಕು ಜನ ಹತ್ತಿ ಕೂರ್ತೀವಿ. ಊರು ದಾಟುವಾಗ ಡ್ರೈವರಣ್ಣ ಹೇಳೋದು ಒಂದೇ ಮಾತು: "ಯಾರಾರ ನಿಲ್ಸಿ ಕೇಳುದ್ರ ನಮ್ಮಣ್ಣನ ಕಾರು ಅಂದ್ಬುಡ್ರಪ್ಪ." ನಾವೂ ತಲೆಯಾಡಿಸ್ತೀವಿ. ಪರೀಕ್ಷೆಗೆ ಸರಿಯಾದ ಟೈಮಿಗೆ ತಲುಪಿದ್ರೆ ಸಾಕು.

ಆ ಒಂದು ಸುಳ್ಳಿನ ಬೆಲೆ ಎಷ್ಟು ಅಂತ ನಾವು ಯಾವತ್ತೂ ಲೆಕ್ಕ ಹಾಕಿಲ್ಲ. ಈಗ ಹಾಕೋಣ.

ದೇಶಕ್ಕೆಲ್ಲ ಇರೋದು ಒಂದೇ ಕಾಯ್ದೆ, 1988ರ ಮೋಟಾರು ವಾಹನ ಕಾಯ್ದೆ. ಬಾಡಿಗೆಗೆ ಜನರನ್ನು ಕರೆದೊಯ್ಯುವ ಗಾಡಿಗೆ ಪರ್ಮಿಟ್ ಬೇಕು ಅಂತ ಅದರ 66ನೇ ಸೆಕ್ಷನ್ ಹೇಳುತ್ತೆ. ಕಾಯ್ದೆ ಕೇಂದ್ರದ್ದು, ಆದರೆ ಪರ್ಮಿಟ್ ಕೊಡೋದು ರಾಜ್ಯದ ಸಾರಿಗೆ ಪ್ರಾಧಿಕಾರಗಳು. ಊಟಿ, ವಯನಾಡು ಅಂತ ಗಡಿ ದಾಟೋ ಟ್ಯಾಕ್ಸಿಗಳಿಗೆ ಅಖಿಲ ಭಾರತ ಪ್ರವಾಸಿ ಪರ್ಮಿಟ್ ಬೇರೆ ಇದೆ. ಅದಕ್ಕೆ 2023ರ ಹೊಸ ನಿಯಮಗಳ ಪ್ರಕಾರ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಹಳದಿ ಬೋರ್ಡಿನ ಮೇಲೆ ಕಪ್ಪು ಅಕ್ಷರ ಅಂದ್ರೆ ಆ ಗಾಡಿ ಬಾಡಿಗೆಗೆ ಅಂತಲೇ ನೋಂದಣಿ ಆಗಿದೆ, ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಲೇಬೇಕು ಅಂತ ಅರ್ಥ.

ಪರ್ಮಿಟ್ ಇಲ್ಲದೆ ಬಾಡಿಗೆ ಹೊಡೆದು ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಇದು ಡ್ರೈವರಣ್ಣನ ಪಾಡು, ನಮಗೇನು ಅಂತ ಸುಮ್ಮನಿರ್ತೀವಿ. ಆದರೆ ಅಪಘಾತವಾದರೆ? ಖಾಸಗಿ ಕಾರಿನ ವಿಮೆ ಬಾಡಿಗೆ ಓಡಾಟಕ್ಕೆ ಅನ್ವಯಿಸಲ್ಲ ಅಂತ ಪಾಲಿಸಿಯಲ್ಲೇ ಬರೆದಿರುತ್ತೆ. ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸಿದ್ದು ವಿಮಾ ಕಂಪನಿ ಕೋರ್ಟಿನಲ್ಲಿ ಎತ್ತಬಹುದಾದ ಆಕ್ಷೇಪಣೆ ಅಂತ ಕಾಯ್ದೆಯೂ ಒಪ್ಪುತ್ತೆ. ಪರಿಹಾರ ಸಿಗೋದೇ ಇಲ್ಲ ಅಂತಲ್ಲ. ಆದರೆ ಕೈಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದವನ ಅಪ್ಪ ಅಮ್ಮ, ಹೊಲದ ಕೆಲಸ ಬಿಟ್ಟು ಕೋರ್ಟು ಕಚೇರಿ ಅಲೀಬೇಕು. ಅತ್ತ ಡ್ರೈವರಣ್ಣನ ಮನೆಯೂ ಬೀದಿಗೆ ಬರುತ್ತೆ.

ಹಾಗಂತ ತಪ್ಪೆಲ್ಲ ಡ್ರೈವರಣ್ಣನ ತಲೆಗೆ ಕಟ್ಟೋದು ನ್ಯಾಯವಲ್ಲ. ಹಳದಿ ಬೋರ್ಡ್ ಮಾಡಿಸಿದರೆ ತೆರಿಗೆ, ದುಬಾರಿ ವಿಮೆ, ಎಫ್‌ಸಿ, ಜಿಪಿಎಸ್ ಸಾಧನ, ಪ್ಯಾನಿಕ್ ಬಟನ್ ಎಲ್ಲವೂ ಬರುತ್ತೆ. 2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸಿಟಿ ಟ್ಯಾಕ್ಸಿ ಮತ್ತು ಆ್ಯಪ್ ಟ್ಯಾಕ್ಸಿಗಳಿಗೆ ಏಕರೂಪ ದರ ನಿಗದಿ ಮಾಡಿತು. 10 ಲಕ್ಷದೊಳಗಿನ ಕಾರಿಗೆ ಮೊದಲ 4 ಕಿ.ಮೀ.ಗೆ 100 ರೂಪಾಯಿ, ಆಮೇಲೆ ಕಿ.ಮೀ.ಗೆ 24. ಅದೇ ಲೆಕ್ಕವನ್ನು ಸುಮಾರು 35 ಕಿ.ಮೀ. ಇರೋ ನಮ್ಮ ರಸ್ತೆಗೆ ಹಾಕಿ ನೋಡಿ: 844 ರೂಪಾಯಿ. ನಾಲ್ಕು ಜನ ಹಂಚಿಕೊಂಡರೂ ತಲೆಗೆ 211. ದಿನಾ ಯಾವ ಸ್ಟೂಡೆಂಟ್ ಕೊಡ್ತಾನೆ? ನಾವು ಕೊಡೋಕೆ ಆಗಲ್ಲ, ಅಣ್ಣನಿಗೆ ಗಿಟ್ಟಲ್ಲ. ವೈಟ್ ಬೋರ್ಡ್ ಹುಟ್ಟೋದೇ ಈ ಸಂದಿಯಲ್ಲಿ.

ದೆಹಲಿಯಲ್ಲಿ ನಿಯಮ ಬರೆಯೋರಿಗೆ ಈ ಸಂದಿ ಕಂಡಂತಿಲ್ಲ. 2019ರ ತಿದ್ದುಪಡಿ ಅಗ್ರಿಗೇಟರ್‌ಗಳನ್ನು, ಅಂದ್ರೆ ಆ್ಯಪ್ ಕಂಪನಿಗಳನ್ನು, ಕಾಯ್ದೆಯ ಒಳಗೆ ತಂದಿತು. 2020ರಲ್ಲಿ ಮಾರ್ಗಸೂಚಿ ಬಂತು, 2025ರ ಜುಲೈನಲ್ಲಿ ಅದನ್ನು ಹೊಸದಾಗಿ ಬರೆದರು. ಸ್ವಂತ ಗಾಡಿ ಓಡಿಸೋ ಚಾಲಕನಿಗೆ ದರದ ಕನಿಷ್ಠ ಶೇ. 80 ಸಿಗಬೇಕು, ಬೇಡಿಕೆ ಎಷ್ಟೇ ಇದ್ದರೂ ಮೂಲ ದರದ ಎರಡು ಪಟ್ಟು ಮೀರಬಾರದು ಅನ್ನೋದೆಲ್ಲ ಒಳ್ಳೆಯದೇ. ಆದರೆ ಲೈಸೆನ್ಸ್ ಶುಲ್ಕ 5 ಲಕ್ಷ. ನಮ್ಮ ರಾಜ್ಯದ 2016ರ ನಿಯಮದಲ್ಲಿ ಕನಿಷ್ಠ 100 ಟ್ಯಾಕ್ಸಿ ಇರಬೇಕು. ಗುಂಡ್ಲುಪೇಟೆ ಸ್ಟ್ಯಾಂಡಿನ ಹತ್ತು ಜನ ಡ್ರೈವರುಗಳು ಸೇರಿ ಒಂದು ಸಣ್ಣ ಆ್ಯಪ್ ಮಾಡಿಕೊಳ್ತೀವಿ ಅಂದ್ರೆ ಬಾಗಿಲಲ್ಲೇ ನಿಲ್ಲಬೇಕು.

ದಾರಿ ಇಲ್ಲವೇ? ಇದೆ. ಮೋಟಾರು ಕ್ಯಾಬ್‌ನಲ್ಲಿ, ಅಂದ್ರೆ ಡ್ರೈವರ್ ಬಿಟ್ಟು ಆರು ಜನ ಕೂರೋ ಟ್ಯಾಕ್ಸಿಯಲ್ಲಿ, ತಲೆಗಿಷ್ಟು ಅಂತ ಬೇರೆ ಬೇರೆ ದುಡ್ಡು ತಗೊಂಡರೂ ಅದು ಕಾಂಟ್ರಾಕ್ಟ್ ಕ್ಯಾರೇಜೇ ಅಂತ ಕಾಯ್ದೆಯ ವ್ಯಾಖ್ಯಾನದಲ್ಲೇ ಇದೆ. ಇಂಥ ಲಘು ವಾಹನ ಓಡಿಸೋಕೆ ಎಲ್‌ಎಂವಿ ಲೈಸೆನ್ಸ್ ಸಾಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು, 2024ರ ನವೆಂಬರ್‌ನಲ್ಲಿ ಸಂವಿಧಾನ ಪೀಠವೂ ಅದನ್ನೇ ಎತ್ತಿಹಿಡಿಯಿತು. ಅಡ್ಡ ನಿಂತಿರೋದು ಖರ್ಚು. ವಾಹನ ತೆರಿಗೆ ರಾಜ್ಯದ ಕೈಯಲ್ಲಿದೆ. ಪರ್ಮಿಟ್ ಕೊಡೋ ಪ್ರಾಧಿಕಾರ ನಮ್ಮ ಜಿಲ್ಲೆಯಲ್ಲೇ ಇದೆ. ಸಣ್ಣ ಊರುಗಳ ಶೇರ್ ಟ್ಯಾಕ್ಸಿಗೆ ತೆರಿಗೆ ಕಡಿಮೆ ಮಾಡಿ, ತಲೆಗಿಷ್ಟು ಅಂತ ದರ ಕಟ್ಟಿ, ಗುಂಡ್ಲುಪೇಟೆಯಲ್ಲೇ ಒಂದು ಪರ್ಮಿಟ್ ಶಿಬಿರ ಮಾಡಿದರೆ ಎಷ್ಟೋ ವೈಟ್ ಬೋರ್ಡ್ ಹಳದಿಯಾಗುತ್ತೆ. ಬೆಳಗ್ಗೆ ಇನ್ನೊಂದೆರಡು ಬಸ್ಸು ಬಿಟ್ಟರಂತೂ ಇನ್ನೂ ಒಳ್ಳೆಯದು.

ಅಲ್ಲಿವರೆಗೆ ನಮ್ಮ ಕೈಲಾಗೋದನ್ನ ಮಾಡೋಣ. ಇಂಡಸ್ಟ್ರಿಯಲ್ ವಿಸಿಟ್ಟು, ಗೋಪಾಲಸ್ವಾಮಿ ಬೆಟ್ಟದ ಟ್ರಿಪ್ಪು ಅಂತ ಗಾಡಿ ಗೊತ್ತು ಮಾಡುವಾಗ ಹಳದಿ ಬೋರ್ಡೇ ಮಾಡೋಣ. ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ವಿಮೆ, ಎಫ್‌ಸಿ ಇದೆಯೋ ಇಲ್ಲವೋ ಗೊತ್ತಾಗುತ್ತೆ, ಎರಡು ನಿಮಿಷದ ಕೆಲಸ. ಇನ್ನು ದಿನದ ಓಡಾಟದಲ್ಲಿ, "ಅಣ್ಣ, ಪರ್ಮಿಟ್ ಇದ್ಯಾ?" ಅಂತ ಕೇಳೋಕೆ ಸಂಕೋಚ ಬೇಡ. ಇಲ್ಲ ಅಂದ್ರೆ ಅವರ ಜೊತೆ ಜಗಳ ಬೇಡ, ದೂರು ಕೊಡೋದೂ ಬೇಡ. ಮುಂದಿನ ಬಸ್ಸಿಗೆ ಕಾಯೋಣ. ಶಿಬಿರ ಮಾಡಿ, ಬಸ್ಸು ಬಿಡಿ ಅಂತ ಜಿಲ್ಲಾಧಿಕಾರಿಗಳಿಗೆ ಕೊಡೋ ಮನವಿಗೆ ಮಾತ್ರ ಅವರ ಸಹಿಯನ್ನೂ ಹಾಕಿಸಿಕೊಳ್ಳೋಣ. ಈ ಕಷ್ಟ ಅವರದ್ದೂ ಹೌದು, ನಮ್ಮದೂ ಹೌದು.