ಬೇಸರ ಎಷ್ಟು ದಿನಕ್ಕೆ ಇಳಿಯಿತು?

ಕೊಬ್ಬರಿ ಧಾರಣೆ ಬಿದ್ದ ದಿನ ತಿಪಟೂರಿನ ಎಪಿಎಂಸಿಯಿಂದ ವಾಪಸಾದವನ ಮುಖ ಬಾಡಿದ್ದರೆ ಅದು ಕಾಯಿಲೆಯಲ್ಲ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ಪೇಟೆ ದರ ಅದಕ್ಕಿಂತ ಎಷ್ಟೋ ಕೆಳಗೆ. ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟು ಕಾದವರಿಗೆ ಬೇಸರ ಆಗದಿರುತ್ತದೆಯೇ? ದಂಡಿನಶಿವರ ಹೋಬಳಿಯಲ್ಲಿ ಗಣಿತದ ಮೇಷ್ಟ್ರಾಗಿದ್ದು, ಈಗ ತೋಟ ನೋಡಿಕೊಂಡಿರುವ ನಾನು ಕೇಳುವುದು ಬೇರೆ: ಯಾರ ಬೇಸರ ಎಷ್ಟು ದಿನಕ್ಕೆ ಇಳಿಯಿತು?

ಮನಸ್ಸನ್ನು ಸಮೀಕರಣದಲ್ಲಿ ಬರೆಯುವವರು ಹಿಡಿದಿರುವುದೂ ಇದೇ ಎಳೆ. ಒಂದು ಸಮತೋಲದ ಬಿಂದು, ಹೊರಗಿನಿಂದ ಬೀಳುವ ಪೆಟ್ಟು, ಮತ್ತೆ ಆ ಬಿಂದುವಿಗೆ ಮರಳುವ ವೇಗ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಖಿನ್ನತೆಗೆ ಜಾರುವ ಅಂಚಿನಲ್ಲಿರುವವರ ಭಾವನೆಗಳು ಬೇಗ ಬದಲಾಗುವುದಿಲ್ಲ. ಬಂದ ದುಗುಡ ಹೆಚ್ಚು ಹೊತ್ತು ನಿಲ್ಲುತ್ತದೆ. ಅಮೆರಿಕದ ಲೀಬೋವಿಚ್ ಮತ್ತು ಸಂಗಡಿಗರು 2011ರಲ್ಲಿ ಆಪ್ತಸಮಾಲೋಚನೆಗೇ ಸಮೀಕರಣ ಕಟ್ಟಿದರು. ಅದರಲ್ಲಿ ರೋಗಿಗೊಂದು, ಚಿಕಿತ್ಸಕನಿಗೊಂದು ಸಾಲು. ಒಬ್ಬರ ಭಾವ ಇನ್ನೊಬ್ಬರದನ್ನು ಏರಿಸುತ್ತದೆ, ಇಳಿಸುತ್ತದೆ.

ಆಸ್ಪತ್ರೆಗಳಲ್ಲಿ ಖಿನ್ನತೆಗೆ ಬಳಸುವ ಒಂಬತ್ತು ಪ್ರಶ್ನೆಗಳ ಪಟ್ಟಿಗೆ ಸೊನ್ನೆಯಿಂದ 27ರವರೆಗೆ ಅಂಕ. ಒಮ್ಮೆ ಕೇಳಿ 14 ಎಂದು ಬರೆದರೆ ಅದು ಬರೀ ಒಂದು ಬಿಂದು. ಏರುತ್ತಿದೆಯೋ ಇಳಿಯುತ್ತಿದೆಯೋ ಹೇಳಲು ಕನಿಷ್ಠ ಎರಡು ಬಿಂದು ಬೇಕೆಂಬುದು ಹೈಸ್ಕೂಲಿನ ಪಾಠ.

ಅಳೆಯುವ ತಾಳ್ಮೆ ನಮ್ಮ ತುರುವೇಕೆರೆ ತಾಲ್ಲೂಕಿಗೆ ಹೊಸದೇನಲ್ಲ. ನಿಮ್ಹಾನ್ಸ್‌ನವರು ಇಲ್ಲಿನ ಸ್ಕಿಜೋಫ್ರೇನಿಯಾ ರೋಗಿಗಳಿಗೆ ಊರಲ್ಲೇ ಚಿಕಿತ್ಸೆ ಕೊಡಿಸಿ, ಅವರ ಸ್ಥಿತಿಯನ್ನು ವರ್ಷಗಟ್ಟಲೆ ಗಮನಿಸಿದ್ದಾರೆ. ಸಾಮಾನ್ಯ ಖಿನ್ನತೆಗೂ ಅದೇ ಕ್ರಮ ಬರಲಿ. ಪ್ರತಿ ಭೇಟಿಯಲ್ಲೂ ಅದೇ ಒಂಬತ್ತು ಪ್ರಶ್ನೆ ಕೇಳಿ, ಅಂಕವನ್ನು ರೋಗಿಯ ಚೀಟಿಯಲ್ಲೇ ಗುರುತು ಹಾಕಲಿ. ಈ ಕೆಲಸ ಆಶಾ ಕಾರ್ಯಕರ್ತೆಯರ ತಲೆಗೆ ಬಂದರೆ ಅದಕ್ಕೆ ಪ್ರತ್ಯೇಕ ಹಣ ಕೊಡಲಿ. ತಡರಾತ್ರಿ ಸಂಕಟವಾದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಸರಿ. ಆದರೆ ಆ ಅಂಕಗಳ ಬಿಂದುಗಳನ್ನು ಸೇರಿಸಿ ಗೆರೆ ಎಳೆಯಲು ಪರಿಚಯದ ಮುಖ ಬೇಕು.

ಸಮೀಕರಣದಿಂದ ಇನ್ನೊಂದು ಲಾಭವಿದೆ. ಪೆಟ್ಟು ಬೇರೆ, ಮರಳುವ ವೇಗ ಬೇರೆ ಎಂದು ಅದು ವಿಂಗಡಿಸುತ್ತದೆ. ಮಾತ್ರೆ, ಸಮಾಲೋಚನೆ ಎರಡನೆಯದಕ್ಕೆ ನೆರವಾದಾವು. ಧಾರಣೆಯ ಪೆಟ್ಟನ್ನು ತಗ್ಗಿಸಲಾರವು. ಒಬ್ಬನ ಗೆರೆ ಕುಸಿದರೆ ವೈದ್ಯರು ನೋಡಲಿ. ಇಡೀ ಹೋಬಳಿಯ ಗೆರೆಗಳು ಒಂದೇ ವಾರದಲ್ಲಿ ಕುಸಿದರೆ ಆ ಹಾಳೆ ಕೃಷಿ ಮಾರುಕಟ್ಟೆ ಇಲಾಖೆಗೆ ಹೋಗಲಿ.