ಮತಯಾಚನೆಯೂ ಮಾತೃಭಾಷೆಯೂ

2024ರ ಲೋಕಸಭಾ ಚುನಾವಣೆಯ ಕಾಲ. ಏಪ್ರಿಲ್ ತಿಂಗಳ ಬಿರುಬಿಸಿಲಿನಲ್ಲಿ ಒಂದು ಪಕ್ಷದ ಕಾರ್ಯಕರ್ತರು ನಮ್ಮ ಗ್ರಾಮದ ಮನೆಮನೆಗೂ ಮತ ಯಾಚಿಸುತ್ತ ಬಂದಿದ್ದರು. ಅವರು ಅಂಗಡಿಯ ಜಗಲಿಯಲ್ಲಿ ದಣಿವಾರಿಸಿಕೊಳ್ಳುತ್ತಿದ್ದಾಗ, ತೋಟದ ಕೆಲಸ ಮುಗಿಸಿ ಬಂದ ವೃದ್ಧ ಕೃಷಿಕರೊಬ್ಬರು ಒಂದು ಪ್ರಶ್ನೆ ಕೇಳಿದರು: "ನಮ್ಮ ಮೊಮ್ಮಗಳ ಶಾಲೆಗೆ ಕನ್ನಡ ಬರುವ ಮಾಷ್ಟ್ರನ್ನು ಯಾವಾಗ ಹಾಕಿಸಿಕೊಡ್ತೀರಿ? ಈಗ ಬಂದವರ ಲೆಕ್ಕ ಅವಳಿಗೆ ತಿಳಿಯುವುದಿಲ್ಲ, ಅವಳ ಮಾತು ಅವರಿಗೆ ತಿಳಿಯುವುದಿಲ್ಲ." ಕಾರ್ಯಕರ್ತರಲ್ಲಿ ಒಬ್ಬ ತರುಣನು ವಿನಯದಿಂದಲೇ, "ಅಜ್ಜಾ, ಚುನಾವಣೆಯಲ್ಲಿ ಭಾಷೆಯ ವಿಷಯ ಎತ್ತಬಾರದು, ಅದು ಕಾನೂನಿಗೆ ವಿರುದ್ಧ" ಎಂದು ಉತ್ತರವಿತ್ತನು. ಜಗಲಿಯಲ್ಲಿದ್ದವರೆಲ್ಲರೂ ಮೌನರಾದರು. ಅಂದು ಸಂಜೆ ಆ ವೃದ್ಧರು ನಮ್ಮ ಮನೆಗೆ ಬಂದು, "ಮಾಷ್ಟ್ರೇ, ಕನ್ನಡದ ವಿಷಯ ಕೇಳಿದರೆ ಕೇಸಾಗ್ತದಂತೆ, ಹೌದಾ?" ಎಂದು ಕೇಳಿದರು.

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಮಗೆ ಆ ಕ್ಷಣದಲ್ಲಿ ನೇರವಾದ ಉತ್ತರ ಕೊಡಲಾಗಲಿಲ್ಲ. ಈ ಅಜ್ಞಾನವು ನಮ್ಮೊಬ್ಬರದೇ ಅಲ್ಲ. ಕಾಸರಗೋಡಿನಿಂದ ಜತ್ತದವರೆಗೆ, ತಾಳವಾಡಿಯಿಂದ ಮಡಕಶಿರದವರೆಗೆ, ಅನ್ಯ ರಾಜ್ಯಗಳಲ್ಲಿ ನೆಲಸಿರುವ ಕನ್ನಡಿಗರಲ್ಲಿ ಅನೇಕರು ಇದೇ ಸಂಶಯದಿಂದ ಬಾಯಿ ಮುಚ್ಚಿಕೊಂಡಿರುತ್ತಾರೆ. ಆದುದರಿಂದ ಶಾಸನವು ಏನನ್ನು ನಿಷೇಧಿಸಿದೆ, ಏನನ್ನು ನಿಷೇಧಿಸಿಲ್ಲ ಎಂಬುದನ್ನು ಓದಿ ತಿಳಿದಷ್ಟು ಇಲ್ಲಿ ನಿವೇದಿಸುತ್ತೇವೆ. ಯಾರಿಗೆ ಮತ ಕೊಡಬೇಕೆಂದು ಹೇಳುವುದು ನಮ್ಮ ಉದ್ದೇಶವಲ್ಲ, ಅದು ನಮ್ಮ ವೃತ್ತಿಗೆ ಒಪ್ಪುವುದೂ ಇಲ್ಲ.

ಆ ತರುಣನು ಸುಳ್ಳು ಹೇಳಿದನೆನ್ನುವಂತಿಲ್ಲ. ಅವನು ಹೇಳಿದ್ದು ಅರ್ಧ ಸತ್ಯ. 1951ರ ಜನತಾ ಪ್ರಾತಿನಿಧ್ಯ ಶಾಸನದ 123ನೆಯ ವಿಧಿಯಲ್ಲಿ 'ಭ್ರಷ್ಟಾಚರಣೆ'ಗಳ ಪಟ್ಟಿಯಿದೆ. ಅದರ 3ನೆಯ ಉಪವಿಧಿಯು ಮತ, ಜನಾಂಗ, ಜಾತಿ, ಕೋಮು, ಭಾಷೆ ಇವುಗಳ ಆಧಾರದಿಂದ ಓಟು ಕೊಡಿರೆಂದಾಗಲಿ ಕೊಡಬೇಡಿರೆಂದಾಗಲಿ ಯಾಚಿಸುವುದನ್ನು ನಿಷೇಧಿಸುತ್ತದೆ. 'ಭಾಷೆ' ಎಂಬ ಪದವು 1961ರ ತಿದ್ದುಪಡಿಯಿಂದ ಸೇರಿದ್ದು. ಈ ದೋಷವು ಸಿದ್ಧವಾದರೆ ಗೆದ್ದವನ ಆಯ್ಕೆ ರದ್ದಾಗುವುದು. ಆರು ವರ್ಷಗಳವರೆಗೆ ಅವನು ಚುನಾವಣೆಗೆ ನಿಲ್ಲಲು ಅನರ್ಹನಾಗಲೂಬಹುದು.

ಈ ನಿಷೇಧವು ನ್ಯಾಯವಾದುದೆಂದೇ ನಮ್ಮ ಅಭಿಪ್ರಾಯ. "ನಾನು ನಿಮ್ಮ ಭಾಷೆಯವನು, ಆದುದರಿಂದ ನನಗೆ ಓಟು ಕೊಡಿ" ಎನ್ನುವವನು ತನ್ನ ಯೋಗ್ಯತೆಯ ಬಗ್ಗೆ ಏನನ್ನೂ ಹೇಳಿದಂತಾಗಲಿಲ್ಲ. "ಅವನು ಆ ಭಾಷೆಯವನು, ಅವನಿಗೆ ಕೊಡಬೇಡಿ" ಎನ್ನುವವನಂತೂ ನೆರೆಹೊರೆಯವರ ನಡುವೆ ಬೇಲಿ ಹಾಕುತ್ತಾನೆ. ಗಡಿನಾಡಿನಲ್ಲಿ ಬಾಳುವ ನಮಗೆ ಆ ಬೇಲಿಯ ಮುಳ್ಳು ಮೊದಲು ಚುಚ್ಚುವುದು. ನಮ್ಮ ಊರಿನಲ್ಲಿ ಮಲಯಾಳದ ಮನೆಯವರು ಕನ್ನಡದ ಮನೆಯ ಮದುವೆಗೆ ಚಪ್ಪರ ಹಾಕುತ್ತಾರೆ. ಕನ್ನಡದವರ ತೋಟದ ನೀರು ಮಲಯಾಳದವರ ಗದ್ದೆಗೆ ಹರಿಯುತ್ತದೆ. ಚುನಾವಣೆ ಮುಗಿದ ಮರುದಿನವೂ ಇವರೆಲ್ಲರೂ ಒಂದೇ ಬಾವಿಕಟ್ಟೆಯ ಬಳಿ ನಿಲ್ಲಬೇಕಾದವರಲ್ಲವೆ?

ಆದರೆ ಅಭ್ಯರ್ಥಿಯ ಭಾಷೆ ಯಾವುದೆಂಬುದು ಒಂದು ವಿಷಯ. ಪ್ರಜೆಯ ಭಾಷೆಗೆ ರಾಜ್ಯವು ಸಲ್ಲಿಸಬೇಕಾದ ಋಣವು ಬೇರೊಂದು ವಿಷಯ. ಈ ಭೇದವನ್ನು ಸರ್ವೋಚ್ಚ ನ್ಯಾಯಾಲಯವೇ 1964ರಲ್ಲಿ ಸ್ಪಷ್ಟಪಡಿಸಿತು. 1962ರ ಮಹಾಚುನಾವಣೆಯಲ್ಲಿ, ಅಂದಿನ ಪಂಜಾಬಿಗೆ ಸೇರಿದ್ದು ಇಂದು ಹರಿಯಾಣದಲ್ಲಿರುವ ಝಜ್ಜರ್ ಕ್ಷೇತ್ರದಿಂದ ಜಗದೇವ ಸಿಂಗ್ ಸಿದ್ಧಾಂತಿಯವರು ಲೋಕಸಭೆಗೆ ಆಯ್ಕೆಯಾದರು. ಸೋತ ಪ್ರತಾಪ್ ಸಿಂಗ್ ದೌಲ್ತಾ ಅವರು, ಎದುರಾಳಿಯು ಹಿಂದಿ ಭಾಷೆಯ ಹೆಸರಿನಲ್ಲಿ ಮತ ಯಾಚಿಸಿದರೆಂದು ಆಕ್ಷೇಪಿಸಿದರು. ಉಚ್ಚ ನ್ಯಾಯಾಲಯವು ಆಯ್ಕೆಯನ್ನು ರದ್ದುಪಡಿಸಿತು; ಸರ್ವೋಚ್ಚ ನ್ಯಾಯಾಲಯವು ಅದನ್ನು ಊರ್ಜಿತಗೊಳಿಸಿತು. ಅದು ಕೊಟ್ಟ ಕಾರಣವು ಮನನೀಯವಾಗಿದೆ. ಸಂವಿಧಾನದ 29ನೆಯ ಅನುಚ್ಛೇದವು ತಮ್ಮದೇ ಆದ ಭಾಷೆಯುಳ್ಳ ಯಾವುದೇ ಪ್ರಜಾವರ್ಗಕ್ಕೆ ಅದನ್ನು ಉಳಿಸಿಕೊಳ್ಳುವ ಹಕ್ಕನ್ನು ಕೊಟ್ಟಿದೆ. ಉಳಿಸಿಕೊಳ್ಳುವ ಹಕ್ಕಿನಲ್ಲಿ ಅದರ ರಕ್ಷಣೆಗಾಗಿ ಚಳವಳಿ ಹೂಡುವ ಹಕ್ಕೂ ಅಡಕವಾಗಿದೆ. ಆದುದರಿಂದ ಭಾಷೆಯ ರಕ್ಷಣೆಗೆ ಶ್ರಮಿಸುವೆನೆಂದು ಮತದಾರರಿಗೆ ವಚನ ಕೊಡುವುದು ಭ್ರಷ್ಟಾಚರಣೆಯಾಗದು ಎಂಬುದೇ ಆ ತೀರ್ಪಿನ ಸಾರ.

ಇದರ ನಂತರದ ಬೆಳವಣಿಗೆಯನ್ನು ಮರೆಮಾಚುವುದು ಸರಿಯಲ್ಲ. 1990ರಲ್ಲಿ ಮುಂಬಯಿಯ ಸಾಂತಾಕ್ರೂಜ್ ಕ್ಷೇತ್ರದಲ್ಲಿ ನಡೆದ ವಿಧಾನಸಭಾ ಚುನಾವಣೆಯಿಂದ ಹುಟ್ಟಿದ ಅಭಿರಾಮ್ ಸಿಂಗ್ ಪ್ರಕರಣದಲ್ಲಿ, 2017ರ ಜನವರಿ 2ರಂದು ಏಳು ನ್ಯಾಯಾಧೀಶರ ಪೀಠವು ತೀರ್ಪಿತ್ತಿತು. ನಿಷೇಧವು ಅಭ್ಯರ್ಥಿಯ ಭಾಷೆ ಮತಗಳಿಗೆ ಮಾತ್ರವಲ್ಲ, ಮತದಾರರ ಭಾಷೆ ಮತಗಳಿಗೂ ಅನ್ವಯಿಸುತ್ತದೆಂದು ನಾಲ್ವರು ಹೇಳಿದರು. ಮೂವರು ಇದಕ್ಕೆ ಒಪ್ಪಲಿಲ್ಲ; ಒಂದು ವರ್ಗದ ಪ್ರಜೆಗಳು ಭಾಷೆಯ ಅಥವಾ ಜಾತಿಯ ನಿಮಿತ್ತ ಅನುಭವಿಸುವ ಅನ್ಯಾಯವನ್ನು ಚುನಾವಣೆಯಲ್ಲಿ ಚರ್ಚಿಸುವುದೇ ಪ್ರಜಾಪ್ರಭುತ್ವದ ತಿರುಳು ಎಂಬುದು ಅವರ ಅಭಿಮತ. ಬಹುಮತದ ತೀರ್ಪೇ ದೇಶದ ಕಾನೂನು. ಅದರ ಫಲವಾಗಿ ಅಭ್ಯರ್ಥಿಗಳು ಭಾಷೆಯ ಮಾತನ್ನು ಅಳೆದು ತೂಗಿ ಆಡಬೇಕಾಗಿ ಬಂದಿದೆ.

ಆದರೆ ಒಂದು ವಿಷಯವನ್ನು ನಮ್ಮ ಗ್ರಾಮಸ್ಥರು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಆ ಉಪವಿಧಿಯ ನಿರ್ಬಂಧ ಇರುವುದು ಅಭ್ಯರ್ಥಿಯ ಮೇಲೆ, ಅವನ ಏಜೆಂಟನ ಮೇಲೆ, ಅವರ ಸಮ್ಮತಿಯಿಂದ ಮತ ಕೇಳುವವರ ಮೇಲೆ. ಮತ ಕೇಳಲು ಬಂದವನನ್ನು ಮತದಾರನು ಪ್ರಶ್ನಿಸುವುದನ್ನು ಅದು ತಡೆದಿಲ್ಲ. ಮೊಮ್ಮಗಳ ಶಾಲೆಗೆ ಮಾಷ್ಟ್ರು ಬೇಕೆಂದು ಅಂಗಡಿಯ ಜಗಲಿಯಲ್ಲಿ ಕೇಳಿದ ಆ ವೃದ್ಧರು ಯಾವ ತಪ್ಪನ್ನೂ ಮಾಡಲಿಲ್ಲ. ಇದೇ ನಾವು ಅವರಿಗೆ ತಡವಾಗಿ ಸಲ್ಲಿಸುವ ಉತ್ತರ.

ಪ್ರಶ್ನೆಯನ್ನು ಚುನಾವಣೆಯ ಸಮಯದಲ್ಲೇ ಏಕೆ ಕೇಳಬೇಕು? ಕಾನೂನು ಇದೆಯಲ್ಲ, ಕಚೇರಿಗಳಿವೆಯಲ್ಲ ಎಂದು ಕೆಲವರು ಹೇಳಬಹುದು. ಇವೆ. 1955ರಲ್ಲಿ ವರದಿ ಒಪ್ಪಿಸಿದ ರಾಜ್ಯ ಪುನರ್ವಿಂಗಡನಾ ಆಯೋಗವೇ, ಗಡಿಗಳನ್ನು ಹೇಗೆ ಎಳೆದರೂ ಭಾಷಾ ಅಲ್ಪಸಂಖ್ಯಾತರು ಉಳಿದೇ ಉಳಿಯುವರೆಂದು ಮನಗಂಡು ರಕ್ಷಣೋಪಾಯಗಳನ್ನು ಸೂಚಿಸಿತ್ತು. ಅದರಂತೆ 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 350ಎ ಮತ್ತು 350ಬಿ ಅನುಚ್ಛೇದಗಳು ಸೇರಿದವು. ಮೊದಲನೆಯದು, ಪ್ರಾಥಮಿಕ ಹಂತದಲ್ಲಿ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣ ಕೊಡಲು ಪ್ರತಿಯೊಂದು ರಾಜ್ಯವೂ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸತಕ್ಕದ್ದೆಂದು ಹೇಳುತ್ತದೆ. ಎರಡನೆಯದು, ಈ ರಕ್ಷಣೆಗಳ ವಿಚಾರಣೆ ಮಾಡಿ ರಾಷ್ಟ್ರಪತಿಗಳಿಗೆ ವರದಿ ಒಪ್ಪಿಸುವ ಒಬ್ಬ ವಿಶೇಷಾಧಿಕಾರಿಯನ್ನು ನೇಮಿಸುತ್ತದೆ. 'ಪ್ರಯತ್ನಿಸತಕ್ಕದ್ದು', 'ವರದಿ ಒಪ್ಪಿಸತಕ್ಕದ್ದು' ಎಂಬ ಎರಡು ಮಾತುಗಳನ್ನು ವಾಚಕರು ಗಮನಿಸಬೇಕು. ಪ್ರಯತ್ನಿಸದಿದ್ದರೆ ದಂಡವಿಲ್ಲ, ವರದಿಯನ್ನು ಓದದಿದ್ದರೆ ಕೇಳುವವರಿಲ್ಲ. ಹಲ್ಲಿಲ್ಲದ ಕಾನೂನಿಗೆ ಬಲ ಬರುವುದು ಮತದಾರನ ಬಾಯಿಂದ. ಐದು ವರ್ಷಕ್ಕೊಮ್ಮೆ ಬಾಗಿಲಿಗೆ ಬಂದವರೊಡನೆಯೂ ಕೇಳಬಾರದೆಂದರೆ ಆ ಅನುಚ್ಛೇದಗಳು ಪುಸ್ತಕದ ಬದನೆಕಾಯಿಗಳಾಗಿಯೇ ಉಳಿದಾವು.

ಮತ್ತು ನಮ್ಮ ಪ್ರಶ್ನೆಗೆ ಬೆಲೆಯಿಲ್ಲವೆಂದು ಭಾವಿಸಬೇಕಾಗಿಲ್ಲ. ಮಂಜೇಶ್ವರ ವಿಧಾನಸಭಾ ಕ್ಷೇತ್ರದಲ್ಲಿ 2016ರ ಚುನಾವಣೆಯು ಕೇವಲ 89 ಮತಗಳ ಅಂತರದಲ್ಲಿಯೂ, 2021ರ ಚುನಾವಣೆಯು 745 ಮತಗಳ ಅಂತರದಲ್ಲಿಯೂ ನಿರ್ಣಯವಾದವು. ಒಂದು ಸಣ್ಣ ಬೈಲಿನ ಮನೆಗಳಲ್ಲಿಯೇ 89 ಓಟುಗಳಿರುತ್ತವೆ. 2021ರಲ್ಲಿ ಗೆದ್ದ ಶಾಸಕರು ತಿರುವನಂತಪುರದಲ್ಲಿ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದರೆಂಬುದು ನಮಗೆ ಸಂತೋಷದ ವಿಷಯ. ಆದರೆ ಪ್ರಮಾಣವಚನ ಒಂದು ದಿನದ್ದು. ತರಗತಿಯ ಪಾಠ ದಿನನಿತ್ಯದ್ದು.

ಹಾಗಾದರೆ ಏನನ್ನು ಕೇಳಬೇಕು? ಭಾವಾವೇಶದ ಮಾತು ಬೇಡ. ಉತ್ತರ ಹೇಳಲೇಬೇಕಾದ ಪ್ರಶ್ನೆಗಳು ಬೇಕು. ಒಂದನೆಯದಾಗಿ, ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಓದಿ ಬರೆಯಬಲ್ಲ ಅಧ್ಯಾಪಕರನ್ನೇ ನೇಮಿಸುವಂತೆ ನೀವು ಶಾಸನಸಭೆಯಲ್ಲಿ ಒತ್ತಾಯಿಸುವಿರಾ? ಶಾಲೆಯಲ್ಲಿ 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಮಾತೃಭಾಷೆಯ ಅಧ್ಯಾಪಕರನ್ನು ಕೊಡಬೇಕೆಂದು ಪ್ರಾಂತಗಳ ವಿದ್ಯಾಮಂತ್ರಿಗಳ ಸಮ್ಮೇಳನವು 1949ರಷ್ಟು ಹಿಂದೆಯೇ ಒಪ್ಪಿತ್ತು. ಎರಡನೆಯದಾಗಿ, ಕನ್ನಡದಲ್ಲಿ ಬರೆದ ಅರ್ಜಿಗೆ ಕನ್ನಡದಲ್ಲಿ ಉತ್ತರ ಕೊಡಿಸುವಿರಾ? ಕಷ್ಟ ನಿವಾರಣೆಗಾಗಿ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯೂ ಅಧಿಕಾರಿಗಳಿಗೆ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದವು ಕೊಟ್ಟಿದೆ. ಮೂರನೆಯದಾಗಿ, ಮತದಾರರ ಪಟ್ಟಿಯೂ ಅದರ ಅರ್ಜಿ ನಮೂನೆಗಳೂ ಕನ್ನಡದಲ್ಲಿ ದೊರೆಯುವಂತೆ ಮಾಡುವಿರಾ? ಪಟ್ಟಿಯು ಯಾವ ಭಾಷೆ ಅಥವಾ ಭಾಷೆಗಳಲ್ಲಿರಬೇಕೆಂದು ನಿರ್ದೇಶಿಸುವ ಅಧಿಕಾರವನ್ನು 1960ರ ನಿಯಮಗಳು ಚುನಾವಣಾ ಆಯೋಗಕ್ಕೆ ಕೊಟ್ಟಿವೆ. ಓದಲಾಗದ ಪಟ್ಟಿಯಲ್ಲಿ ತನ್ನ ಹೆಸರು ತಪ್ಪಾಗಿರುವುದು ಓಟು ಹಾಕಲು ಹೋದ ದಿನವೇ ತಿಳಿಯುವಂತಾಗಬಾರದು.

ಈ ಪ್ರಶ್ನೆಗಳು ಹುಟ್ಟಿನಿಂದ ಕನ್ನಡಿಗರಾದವರವು ಮಾತ್ರವೂ ಅಲ್ಲ. ನಮ್ಮ ತರಗತಿಗಳಲ್ಲಿ ಕನ್ನಡದಲ್ಲಿ ಓದುವ ಮಕ್ಕಳಲ್ಲಿ ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಟಿ ಆಡುವವರು ಅನೇಕರು. ಅವರಿಗೆಲ್ಲ ಕನ್ನಡವು ಅಕ್ಷರದ ಭಾಷೆ. ಕನ್ನಡದ ಮಾಷ್ಟ್ರು ಇಲ್ಲದಿದ್ದರೆ ಸೋಲುವುದು ಒಂದು ಜಾತಿಯಲ್ಲ, ಒಂದು ತರಗತಿ.

ನಮ್ಮ ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳುವುದು ಯುಕ್ತ. ಹಲವು ವರ್ಷಗಳ ಹಿಂದೆ ಸ್ಥಳೀಯ ಚುನಾವಣೆಯೊಂದರಲ್ಲಿ ನಾವೂ ನಾಲ್ಕು ಜನರ ಮುಂದೆ, "ಅವರು ನಮ್ಮವರು, ಕನ್ನಡದವರು" ಎಂದು ಒಬ್ಬರ ಪರವಾಗಿ ಆಡಿದ್ದುಂಟು. ಅವರು ಗೆದ್ದರು. ಐದು ವರ್ಷಗಳಲ್ಲಿ ಒಂದು ಸಲವೂ ಶಾಲೆಯ ಮೆಟ್ಟಲು ಹತ್ತಲಿಲ್ಲ. ಅವರ ನಂತರ ಬಂದ ಸದಸ್ಯರು ಮಲಯಾಳ ಮಾತನಾಡುವವರು. ಕನ್ನಡ ತರಗತಿಗಳ ಸೋರುವ ಮಾಡಿಗೆ ಹೊಸ ಹೆಂಚು ಹಾಕಿಸಿದವರು ಅವರೇ. ಅಂದಿನಿಂದ ನಾವು ಕಲಿತದ್ದಿಷ್ಟು: ಅಭ್ಯರ್ಥಿಯ ನಾಲಗೆಯ ಭಾಷೆಯನ್ನು ನೋಡಬೇಡಿರಿ, ಅವನು ಕೊಟ್ಟ ಮಾತನ್ನು ನೋಡಿರಿ, ಮಾತು ಕೊಟ್ಟ ಮೇಲೆ ಅವನು ಮಾಡಿದ ಕೆಲಸವನ್ನು ನೋಡಿರಿ.

ಇನ್ನೊಂದು ಮಾತು. ಕಾಸರಗೋಡಿನಲ್ಲಿ ಕನ್ನಡ ಮಗುವಿಗೆ ನಾವು ಕೇಳುವುದನ್ನು, ಬೆಳಗಾವಿಯಲ್ಲಿ ಮರಾಠಿ ಮಗುವಿನ ತಂದೆಯೂ ಕರ್ಣಾಟಕದ ಅಭ್ಯರ್ಥಿಯೊಡನೆ ಕೇಳುವ ಹಕ್ಕುಳ್ಳವನು. ಅಲ್ಲಿ ಅದನ್ನು ದ್ರೋಹವೆಂದು ಕರೆದು ಇಲ್ಲಿ ಹಕ್ಕೆಂದು ಕರೆಯುವುದು ನ್ಯಾಯದ ತಕ್ಕಡಿಯಲ್ಲಿ ನಿಲ್ಲದು. ಗಡಿಯ ಪ್ರಶ್ನೆಯು ಬೇರೆ. 1956ರ ನವೆಂಬರ್ 1ರ ವಿಂಗಡನೆಯ ಬಗ್ಗೆಯೂ, ಚಂದ್ರಗಿರಿ ಹೊಳೆಯ ಉತ್ತರ ಭಾಗವು ಮೈಸೂರಿಗೆ ಸೇರಬೇಕೆಂದ 1967ರ ಮಹಾಜನ ವರದಿಯ ಬಗ್ಗೆಯೂ ಈ ಮಾಲೆಯ ಓದುಗರ ಭಾವನೆಯು ಎಲ್ಲರಿಗೂ ವಿದಿತವೇ ಇದೆ. ಆದರೆ ನಕ್ಷೆ ಬದಲಾಗುವವರೆಗೆ ಮಗುವಿನ ಎರಡನೆಯ ತರಗತಿಯು ಕಾದು ಕುಳಿತಿರುವುದಿಲ್ಲ.

ಆದುದರಿಂದ ಗ್ರಾಮಗ್ರಾಮಗಳ ಮಹಾಜನರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಮುಂದಿನ ಚುನಾವಣೆ ಬರುವ ಮೊದಲೇ ನಿಮ್ಮ ಊರಿನ ಮೂರು ಬೇಡಿಕೆಗಳನ್ನು ಒಂದು ಹಾಳೆಯಲ್ಲಿ ಬರೆದಿಡಿರಿ. ಯಾವ ಪಕ್ಷದವರು ಬಂದರೂ, ಯಾವ ಭಾಷೆಯವರು ಬಂದರೂ, ಅದೇ ಹಾಳೆಯನ್ನು ಅದೇ ಸ್ವರದಲ್ಲಿ ಓದಿ ಹೇಳಿರಿ. ಅವರ ಉತ್ತರವನ್ನು ತಾರೀಕು ಸಹಿತ ಅದರ ಕೆಳಗೆ ಬರೆದುಕೊಳ್ಳಿರಿ. ಐದು ವರ್ಷಗಳ ಬಳಿಕ ಅದೇ ಹಾಳೆಯನ್ನು ಮತ್ತೊಮ್ಮೆ ತೆಗೆಯಿರಿ.

ನಮ್ಮ ಊರಿನ ಹಾಳೆಯು ಸಿದ್ಧವಾಗಿದೆ. ಅದರ ಮೊದಲನೆಯ ಸಾಲು ಆ ವೃದ್ಧರು ಹೇಳಿ ಬರೆಯಿಸಿದ್ದು.